ಲವಂಗ ಹಾಕಿ ಕಟ್ಟಿದ ಸರ

ಮೊನ್ನೆ ಹೆಂಡತಿಯ ಸರದ ಡಬ್ಬಿ ತೆಗೆದಾಗ ಹಳದಿ ಬಟ್ಟೆಯೊಳಗಿಂದ ಒಣಗಿದ ಲವಂಗವೊಂದು ಉರುಳಿತು. ಮೂಸಿದೆ. ವಾಸನೆ ಇನ್ನೂ ಚೂರು ಉಳಿದಿತ್ತು... ವಿಜಯವಾಡದ ಸಾಹುಕಾರರು ನೆನಪಾದರು.

ಎಂಬತ್ತರ ದಶಕದಲ್ಲಿ ನಾನು ಅಲ್ಲಿ ಬ್ಯಾಂಕ್ ಆಫೀಸರ್. ಅಪ್ಪನ ಆಪರೇಷನ್ನಿಗೆಂದು ಈ ಸರ ಅಡವಿಡಬೇಕಾಯಿತು. ನಮ್ಮ ಬ್ಯಾಂಕಿನಲ್ಲೇ ಇಟ್ಟರೆ ಊಟದ ಹೊತ್ತಿಗೆ ಅಟೆಂಡರ್‌ವರೆಗೂ ಸುದ್ದಿ. ಹಾಗಾಗಿ ಗವರ್ನರ್‌ಪೇಟೆಯ ಈ ಸಾಹುಕಾರರ ಬಳಿ ಹೋದೆ. ಅವರಜ್ಜ ಶುರುಮಾಡಿ, ಅಪ್ಪ ಬೆಳೆಸಿದ ಲೇವಾದೇವಿಯ ಮನೆತನ. ಆಗ ಇವರು ಗಾದಿಯ ಮೇಲೆ, ಮಗ ಪಕ್ಕದ ಕುರ್ಚಿಯಲ್ಲಿ. ತಾಯಿ ಬಳ್ಳಾರಿಯವರಾದ್ದರಿಂದ ಸಾಹುಕಾರರಿಗೆ ಕನ್ನಡ ಬರುತ್ತಿತ್ತು, ತೆಲುಗಿನ ಒಗ್ಗರಣೆಯೊಂದಿಗೆ. ಒಡವೆಯನ್ನು ಲವಂಗ ಹಾಕಿ ಕಟ್ಟುವುದು ಅಜ್ಜನ ಕಾಲದ ಪದ್ಧತಿ. ಬಿಡಿಸಿಕೊಂಡು ಹೋದವರಿಗೆ ತಿಜೋರಿಯ ಕಬ್ಬಿಣದ ವಾಸನೆ ಬಡಿಯಬಾರದಂತೆ.

ಅಷ್ಟರಲ್ಲಿ ನಾದಿನಿಯ ಮದುವೆ ಬಂತು. ಬರಿಗೊರಳಲ್ಲಿ ತವರಿಗೆ ಹೋಗುವುದು ಹೇಗೆಂದು ಹೆಂಡತಿ ನನ್ನ ಜೊತೆ ಮಾತೇ ಬಿಟ್ಟಳು. ನಾಚಿಕೆ ಬಿಟ್ಟು ಸಾಹುಕಾರರಿಗೆ ಹೇಳಿಕೊಂಡೆ. ಮದುವೆಗೆಂದರೆ ಅಡವಿನ ಒಡವೆಯನ್ನು ಎರವಲು ಕೊಡುವುದೂ ಅವರ ಮನೆತನದ ರೂಢಿಯಂತೆ. ಕಾಲ ಕೆಟ್ಟಿದೆ, ಬೇಡವೆಂದು ಮಗ ಗೊಣಗಿದ. ಸಾಹುಕಾರರು ನನ್ನ ಕಡೆ ತಿರುಗಿದರು.

“ನೀವು ಅಡ ಇಟ್ಟಿದ್ದು ಸರ ಅಂಡಿ, ಮರ್ಯಾದಿ ಅಲ್ಲ. ಸೋಮವಾರ ಬೆಳಿಗ್ಗೆ ತಂದು ಕೊಡ್ರಿ, ಸಾಕು.”

ನಾನು ಮರಳಿದ್ದು ಮಂಗಳವಾರ. ಬೀಗರೂಟದ ಹೋಳಿಗೆಗೆ ಆಸೆಪಟ್ಟು ಒಂದು ದಿನ ಹೆಚ್ಚು ನಿಂತುಬಿಟ್ಟಿದ್ದೆ. ಒಂದು ದಿನದಲ್ಲಿ ಏನು ಮುಳುಗಿಹೋಗುತ್ತದೆ ಎಂಬ ಉಡಾಫೆ.

ಅಂಗಡಿಗೆ ಬೀಗ. ಹಿಂದೆಯೇ ಇದ್ದ ಮನೆಗೆ ಹೋದರೆ ಅಲ್ಲಿ ಮೊಮ್ಮಗಳ ನಾಮಕರಣ, ಮನೆ ತುಂಬ ಜನ. ಸಾಹುಕಾರರ ಹೆಂಡತಿ ರೇಷ್ಮೆ ಸೀರೆಯುಟ್ಟು ಎಲ್ಲರಿಗೂ ತಾಂಬೂಲ ಕೊಡುತ್ತಿದ್ದರು. ಕೊರಳಲ್ಲಿ ಮಾತ್ರ ಬರೀ ಅರಿಶಿನದ ದಾರ. ಮಗ ನನ್ನನ್ನು ಪಕ್ಕಕ್ಕೆ ಕರೆದು ವಿಷಯ ಹೇಳಿದ. ಎರವಲು ಹೋದ ಒಡವೆಯ ಜಾಗ ತಿಜೋರಿಯಲ್ಲಿ ಖಾಲಿ ಉಳಿಯುವಂತಿಲ್ಲ. ಅದು ಬರುವ ತನಕ ಮನೆಯ ಹೆಂಗಸು ತನ್ನ ಸರ ತೆಗೆದು ಅಲ್ಲಿಡಬೇಕು. ಅವನ ಮುತ್ತಜ್ಜಿಯ ಕಾಲದಿಂದಲೂ ಹೀಗೇ. ನೆಂಟರ ಎದುರಾದರೂ ಹಾಕಿಕೋ ಎಂದು ಮಗ ಬೆಳಿಗ್ಗೆಯಿಂದ ಬೇಡಿಕೊಂಡಿದ್ದ. ಆಕೆ ಒಪ್ಪಿರಲಿಲ್ಲ.

ನಾನು ಅಲ್ಲೇ ಕುಗ್ಗಿಹೋದೆ. ಆ ತಾಯಿ ನನಗೂ ತಾಂಬೂಲ ಕೊಟ್ಟು, ಮದುವೆ ಚೆನ್ನಾಗಿ ಆಯಿತೇ ಎಂದು ತೆಲುಗಿನಲ್ಲಿ ಕೇಳಿದರು. ತಲೆಯಾಡಿಸಿದೆ, ಅಷ್ಟೇ. ಸರವನ್ನು ಮಗನ ಕೈಗಿಟ್ಟು ಹೊರಬಿದ್ದೆ.

ಮುಂದೆ ಸರ ಬಿಡಿಸಿಕೊಂಡೆ. ವಿಶಾಖಪಟ್ಟಣಕ್ಕೆ ವರ್ಗವಾಯಿತು. ತೊಂಬತ್ತರ ದಶಕದ ಕೊನೆಗೆ ಗವರ್ನರ್‌ಪೇಟೆಗೆ ಹೋದಾಗ ಗಾದಿ ಇರಲಿಲ್ಲ, ಸಾಹುಕಾರರೂ ಅವರ ಹೆಂಡತಿಯೂ ಬದುಕಿರಲಿಲ್ಲ.

ಲವಂಗವನ್ನು ಮತ್ತೆ ಅದೇ ಬಟ್ಟೆಯಲ್ಲಿಟ್ಟು ಕಟ್ಟಿದೆ. ಕೆಲಸದಲ್ಲಿದ್ದಷ್ಟು ಕಾಲ ಊರವರ ಜಾಮೀನು ಪತ್ರಗಳನ್ನು ತಿರುವಿ ತಿರುವಿ ನೋಡಿದವನು ನಾನು. ಪತ್ರವೇ ಇಲ್ಲದೆ ನನಗೆ ಜಾಮೀನು ನಿಂತ ಆ ತಾಯಿಗೆ ‘ತಪ್ಪಾಯಿತು’ ಎಂದು ಒಂದು ಮಾತು ಹೇಳಲಿಲ್ಲ.