ಲಕ್ಷದ ಮೇಲೊಂದು ಪತ್ರೆ

ಮೊನ್ನೆ ಸೋಮವಾರ ನಂಜನಗೂಡಿನ ಚಿಕ್ಕಪ್ಪನ ಮನೆಗೆ ಹೋಗಿದ್ದೆ. ನಡುಮನೆಯಲ್ಲಿ ಗುಡ್ಡೆ ಹಾಕಿದ್ದ ಬಿಲ್ವಪತ್ರೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಮೈಯೆಲ್ಲ ಉರಿದುಹೋಯಿತು. ಆ ವಾಸನೆ ನನಗೆ ಶಿವನನ್ನಲ್ಲ, ಪತ್ರೆಯಮ್ಮನನ್ನು ನೆನಪಿಸುತ್ತದೆ...

ಪತ್ರೆಯಮ್ಮ ಸುತ್ತೂರಿನ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಚಿಕ್ಕಪ್ಪನ ಮನೆಯಲ್ಲಿದ್ದು ನಾನು ಓದುತ್ತಿದ್ದಾಗ ನಮ್ಮ ಬೀದಿಯ ಪೂಜೆಗಳಿಗೆಲ್ಲ ಬಿಲ್ವ ತರುತ್ತಿದ್ದವಳು ಆಕೆಯೇ. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ರುದ್ರರು ಹನ್ನೊಂದು ಜನ ಎಂದು ಹನ್ನೊಂದು ಹನ್ನೊಂದು ಪತ್ರೆಗಳನ್ನೇ ಬಾಳೆನಾರಿನಲ್ಲಿ ಕಟ್ಟುತ್ತಿದ್ದಳು.

ಇಪ್ಪತ್ತು ವರ್ಷದ ಹಿಂದೆ ಚಿಕ್ಕಪ್ಪ ಲಕ್ಷ ಬಿಲ್ವಾರ್ಚನೆ ಇಟ್ಟುಕೊಂಡರು. ಲಕ್ಷ ಎಂದರೆ ನಮ್ಮ ಮನೆಯಲ್ಲಿ ಲಕ್ಷದ ಮೇಲೊಂದು, ಸೊನ್ನೆಯಲ್ಲಿ ನಿಲ್ಲಿಸಬಾರದಂತೆ. ಆ ಮೇಲಿನ ಒಂದು ಪತ್ರೆ ಬಿಡಿಯಾಗಿ ತಟ್ಟೆಯಲ್ಲಿ ಕಾಣಬೇಕೆಂದು ಚಿಕ್ಕಪ್ಪನ ಹಟ. ಪತ್ರೆಯಮ್ಮನ ಬುಟ್ಟಿಗಳಲ್ಲಿದ್ದದ್ದು ಬರೀ ಕಟ್ಟುಗಳು.

“ಮೇಲಿನ ಒಂದು ಎಲ್ಲಿ? ಶಿವನಿಗೇ ಟೋಪಿ ಹಾಕ್ತೀಯಾ?” ಎಂದು ಎಲ್ಲರೆದುರು ಗದರಿದರು.

“ಬುಡಿ ಪತ್ರೆ ಇಲ್ಲ ಬುದ್ದೀ. ಒಂಬತ್ತು ಸಾವ್ರದ ತೊಂಬತ್ತೊಂದು ಕಟ್ಟವೆ, ಎಲ್ಲಾ ಅದ್ರಲ್ಲೇ ಸೇರ್ಕತದೆ. ನಮ್ಮವ್ವನ ಕಾಲದ ಲೆಕ್ಕ ಇದು.”

ಚಿಕ್ಕಪ್ಪ ನನ್ನತ್ತ ತಿರುಗಿದರು. “ಬಿಎಸ್ಸಿ ಓದ್ತಿದೀಯಲ್ಲ, ನೀನೇ ಹೇಳು.”

ನಾನೋ ಮಹಾ ಪಂಡಿತೆ! ಪೆನ್ನು ಕೂಡ ಹಿಡಿಯದೆ, “ಲಕ್ಷದ ಮೇಲೆ ಒಂದು ಅಂದ್ರೆ ಒಂದು ಉಳೀಲೇಬೇಕು” ಎಂದುಬಿಟ್ಟೆ.

“ಓದಿರೋರು ನೀವೇ ಅಂದ್ಮೇಕೆ ಆಯ್ತು ಬುಡವ್ವ” ಎಂದು ಆಕೆ ಹೊರಟುಹೋದಳು. ಅಂದಿನಿಂದ ಬೀದಿಯವರ ಬಾಯಲ್ಲಿ ಆಕೆ ಕಳ್ಳಿ. ಯಾರೂ ಆಕೆಯ ಪತ್ರೆ ಮುಟ್ಟಲಿಲ್ಲ.

ಎರಡು ದಿನದ ಮೇಲೆ, ತಿ. ನರಸೀಪುರದ ಬಸ್ಸಿನಲ್ಲಿ ಕೂತು ಟಿಕೆಟ್ಟಿನ ಹಿಂದೆ ಗುಣಿಸಿದೆ. ಒಂಬತ್ತು ಸಾವಿರದ ತೊಂಬತ್ತೊಂದನ್ನು ಹನ್ನೊಂದರಿಂದ ಗುಣಿಸಿದರೆ ಒಂದು ಲಕ್ಷದ ಒಂದು. ಕರಾರುವಾಕ್ಕು! ಎರಡೂ ಅವಿಭಾಜ್ಯ ಸಂಖ್ಯೆಗಳು. ಹತ್ತರಲ್ಲಿ ಕಟ್ಟಿ, ನೂರರಲ್ಲಿ ಕಟ್ಟಿ, ಪತ್ರೆ ಉಳಿದೇ ಉಳಿಯುತ್ತದೆ. ಹನ್ನೊಂದರಲ್ಲಿ ಕಟ್ಟಿದರೆ ಉಳಿಯುವುದಿಲ್ಲ.

ಓಡಿ ಬಂದು ಚಿಕ್ಕಪ್ಪನಿಗೆ ಹೇಳಿದೆ. “ಆಗಿದ್ದಾಯ್ತು. ಈಗ ಅವಳ ಮುಂದೆ ನನ್ನ ಮರ್ಯಾದೆ ಕಳೀತೀಯಾ?” ಎಂದರು. ನಾನು ಬಾಯಿ ಮುಚ್ಚಿಕೊಂಡೆ. ಥೂ, ನನ್ನ ಬಾಯಿಗಿಷ್ಟು ಮಣ್ಣು ಹಾಕ! ಆಮೇಲೆ ಬನ್ನೂರಿನ ಮಗಳ ಮನೆಯಲ್ಲಿ ಆಕೆ ತೀರಿಕೊಂಡಳೆಂದು ಯಾರೋ ಹೇಳಿದರು...

ಈಗ ನಾನು ನರಸೀಪುರದಲ್ಲಿ ಗಣಿತದ ಮೇಡಂ. ಪ್ರತಿ ವರ್ಷ ಮಕ್ಕಳಿಗೆ ಈ ಲೆಕ್ಕ ಕೊಡುತ್ತೇನೆ. ಅವರು ಐದು ನಿಮಿಷದಲ್ಲಿ ಮಾಡಿಬಿಡುತ್ತಾರೆ.

ಮೊನ್ನೆಯದೂ ಲಕ್ಷ ಬಿಲ್ವಾರ್ಚನೆಯೇ. ನಡುಮನೆಯಲ್ಲಿದ್ದದ್ದು ನೂರರ ಕಟ್ಟುಗಳು. ತಟ್ಟೆಯಲ್ಲಿ ಬಿಡಿ ಪತ್ರೆ ಒಂದು. “ನೋಡು, ಲೆಕ್ಕ ಅಂದ್ರೆ ಇದು. ಆ ಕಳ್ಳಿ ಥರ ಅಲ್ಲ” ಎಂದರು ಚಿಕ್ಕಪ್ಪ.

ಸಾಕಾಯಿತು. ಕರೆಯೋಲೆಯ ಹಿಂದೆ ದೊಡ್ಡದಾಗಿ ಗುಣಿಸಿ, ನೆಂಟರಿಗೆಲ್ಲ ಕೇಳುವಂತೆ ಓದಿದೆ. “ಕಳ್ಳಿ ಅಲ್ಲ ಅವರು. ಲೆಕ್ಕ ತಪ್ಪಿದ್ದು ನೀವು. ತಪ್ಪು ಹೇಳಿದ್ದು ನಾನು.”

ಚಿಕ್ಕಪ್ಪ ತಟ್ಟೆ ಸರಿಮಾಡುತ್ತ ತಲೆ ಬಗ್ಗಿಸಿದರು. ಇಡೀ ಮನೆ ಕೇಳಿಸಿಕೊಂಡಿತು. ಕೇಳಬೇಕಾದವಳೊಬ್ಬಳು ಮಾತ್ರ ಅಲ್ಲಿರಲಿಲ್ಲ.