ಕಿಟಕಿ ಸೀಟಿಗೆ ಬಂದ ಮಗು

ಇದನ್ನು ಒಂದೇ ಕೈಯಲ್ಲಿ ಫೋನಿನಲ್ಲಿ ಒತ್ತುತ್ತಿದ್ದೇನೆ. ಇನ್ನೊಂದು ಕೈ ಒಂದು ಮಗುವಿನ ತಲೆಯ ಕೆಳಗಿದೆ. ಮಗು ನನ್ನದಲ್ಲ.

ಗಂಡನಿಗೆ ಇವತ್ತು ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರಿಗಳ ಜೊತೆ ದಿನವಿಡೀ ಮಾತುಕತೆ. ಮಕ್ಕಳಿಬ್ಬರನ್ನೂ ಮೈಸೂರಿನಲ್ಲಿ ಅಮ್ಮನ ಬಳಿ ಬಿಟ್ಟು ನಾನೂ ಜೊತೆಗೆ ಬಂದೆ. ಒಬ್ಬಳೇ ಬೇಲೂರು ನೋಡಿ, ಹಳೇಬೀಡಿಗೆಂದು ಬಸ್ಸು ಹತ್ತಿ ಕಿಟಕಿ ಪಕ್ಕ ಕೂತೆ. ಆ ಸೀಟಿಗಾಗಿ ಜಗಳವಾಡಲು ಇವತ್ತು ಯಾರೂ ಇರಲಿಲ್ಲ.

ಬಸ್ಸು ತುಂಬಿತು. ಸೀಟು ಸಿಗದೆ ನಿಂತಿದ್ದ ಹೆಂಗಸೊಬ್ಬಳು, "ಅಕ್ಕಾ, ಒಸಿ ಇಟ್ಕಳಿ," ಎಂದು ಕಂಕುಳಲ್ಲಿದ್ದ ಮಗುವನ್ನು ನನ್ನ ತೊಡೆಯ ಮೇಲೆ ಕೂರಿಸಿದಳು. ನಾನು ಯಾರು, ಎಲ್ಲಿ ಇಳಿಯುತ್ತೇನೆ, ಒಂದನ್ನೂ ಕೇಳಲಿಲ್ಲ. ಮೇಲಿನ ಕಂಬಿ ಹಿಡಿದು ಪಕ್ಕದವಳ ಜೊತೆ ಮಾತಿಗೆ ಬಿದ್ದಳು. ನಾನೋ, ಹೆತ್ತ ತಾಯಿಯ ಹತ್ತಿರ ಮಕ್ಕಳನ್ನು ಬಿಟ್ಟೂ ಬೆಳಗಿನಿಂದ ಫೋನ್ ಮಾಡಿ ಮಾಡಿ ಬೈಸಿಕೊಂಡವಳು! ಮಗುವೂ ತಾಯಿಯಂತೆಯೇ. ನನ್ನ ಮುಖವನ್ನು ಒಮ್ಮೆ ದಿಟ್ಟಿಸಿ, ದುಪಟ್ಟಾದ ತುದಿಯನ್ನು ಬಾಯಿಗಿಟ್ಟುಕೊಂಡು ನಿದ್ದೆ ಹೋಯಿತು.

"ಹಳೇಬೀಡು! ಯಾರ್ರೀ ಇಳಿಯೋರು?" ಕಂಡಕ್ಟರ್ ಕೂಗಿದ.

ತಾಯಿ ಬಗ್ಗಿ ಕೇಳಿದಳು, "ನೀವು ಇಲ್ಲೇ ಇಳೀಬೇಕಿತ್ತಾ ಅಕ್ಕಾ?"

"ಇಲ್ಲ, ಇನ್ನೂ ಮುಂದೆ," ಎಂದುಬಿಟ್ಟೆ. ಜಾವಗಲ್ಲಿಗೆ ಇನ್ನೊಂದು ಟಿಕೆಟ್ ಪಡೆದೆ.

ದೇವಸ್ಥಾನ ಹಿಂದಕ್ಕೆ ಸರಿಯುತ್ತಿದ್ದಂತೆ ಗಂಡನ ಫೋನ್ ಬಂತು. "ಏನ್ ಮೇಡಂ, ಇವತ್ತು ಫುಲ್ ಫ್ರೀ! ಹಳೇಬೀಡು ಹೇಗಿದೆ?"

"ಮೆತ್ತಗೆ ಮಾತಾಡ್ರೀ," ಪಿಸುಗುಟ್ಟಿದೆ, "ಮಗು ಎದ್ಬಿಡತ್ತೆ."



"ಯಾವ್ ಮಗುನೇ?"