ಎರಡು ಕೆಜಿ ಸಡಿಲ

ನನ್ನ ಗಂಡನನ್ನು ಆಟಗಾರರೆಲ್ಲ ತಂತಿ ಮಾಸ್ತರ್ ಎಂದು ಕರೆಯುತ್ತಾರೆ. ಟೆನಿಸ್ ಟೂರ್ನಿ ನಡೆಯುವ ಕಡೆಗೆಲ್ಲ ಯಂತ್ರ ಹೊತ್ತುಕೊಂಡು ಹೋಗಿ ರಾಕೆಟ್‌ಗಳಿಗೆ ತಂತಿ ಬಿಗಿಯುವುದು ಅವರ ಕಸುಬು. ದೊಡ್ಡ ಟೂರ್ನಿಗಳೇನಲ್ಲ, ನೋಡುವವರಿಗಿಂತ ಪ್ಲಾಸ್ಟಿಕ್ ಕುರ್ಚಿಗಳೇ ಹೆಚ್ಚಿರುವ, ಬಿಸಿಲಿಗೆ ಸಿಮೆಂಟ್ ಅಂಕಣ ಕಾದ ಹೆಂಚಾಗುವ ಕೆಳದರ್ಜೆಯವು. ಇಪ್ಪತ್ತೈದು ಕೆಜಿ ಬಿಗಿತ ಕೇಳಿದರೆ ಇಪ್ಪತ್ತೈದೇ. ಉಪ್ಪು ತನ್ನಿ ಎಂದರೆ ಸಕ್ಕರೆ ತರುವ ಮನುಷ್ಯ, ಇದೊಂದರಲ್ಲಿ ಮಾತ್ರ ಭಾರಿ ಕಟ್ಟುನಿಟ್ಟು.

ಆ ದಿನ ನಮ್ಮ ಮಗಳದೇ ಪಂದ್ಯ. ಗೆದ್ದರೆ ಅವಳ ಮೊಟ್ಟಮೊದಲ ರ‍್ಯಾಂಕಿಂಗ್ ಅಂಕ. ಅದಕ್ಕಾಗಿ ವರ್ಷಗಟ್ಟಲೆ ಬಸ್ಸುಗಳಲ್ಲಿ ಮುದುರಿಕೊಂಡು ಮಲಗಿದ್ದಳು ಪಾಪ. ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಈ ಮಹಾಶಯರೋ ಯಂತ್ರವಿಟ್ಟ ಡೇರೆಯಿಂದ ಅಂಕಣದ ಬೇಲಿಗೆ, ಬೇಲಿಯಿಂದ ಡೇರೆಗೆ, ಕಾಲಿಗೆ ಚಕ್ರ ಕಟ್ಟಿಕೊಂಡವರಂತೆ ಸುತ್ತುತ್ತಿದ್ದರು.

ಮಗಳು ಹೊಡೆದ ಚೆಂಡು ಮತ್ತೆ ಮತ್ತೆ ಗೆರೆಯಾಚೆ ಬೀಳುತ್ತಿತ್ತು. ರಾಕೆಟ್ ಬದಲಿಸಿದಳು. ಅದೇ ಕಥೆ. ಮೊದಲ ಸೆಟ್ ಕೈತಪ್ಪಿತು. ತನ್ನ ಬಲಗೈಯನ್ನೇ ಗುರಾಯಿಸಿಕೊಂಡು ನಿಂತಳು.

"ಏನ್ರೀ ಆಗಿದೆ ಇವಳಿಗೆ?"

"ಅವಳಿಗೇನೂ ಆಗಿಲ್ಲ ಕಣೇ." ಬೆವರು ಒರೆಸಿಕೊಂಡರು. "ನಾನೇ ಎರಡು ಕೆಜಿ ಇಳಿಸಿಬಿಟ್ಟಿದೀನಿ. ಎಲ್ಲಾ ರಾಕೆಟ್ಟಲ್ಲೂ. ಮೊಣಕೈ ಹಿಡ್ಕೊಂಡು ಓಡಾಡ್ತಿದ್ಲಲ್ಲ, ತಂತಿ ಸಡಿಲ ಇದ್ರೆ ನೋವು ಕಮ್ಮಿಯಾಗುತ್ತೆ ಅಂತ..."

"ಅವಳಿಗೆ ಹೇಳಿದ್ರಾ?"

"ಹೇಳಿದ್ರೆ ಒಪ್ತಿದ್ಲಾ?"

ನನಗೆ ಮೈಯೆಲ್ಲ ಉರಿದುಹೋಯಿತು. ತಂತಿ ಸಡಿಲವಾದರೆ ಚೆಂಡು ಚಿಮ್ಮಿ ದೂರ ಹೋಗುತ್ತದೆಂದು ಇವರ ಜೊತೆ ಬಾಳಿದ ನನಗೇ ಗೊತ್ತು, ಇವರಿಗೆ ಗೊತ್ತಿಲ್ಲವೇ!

"ನಿಮ್ಮ ಪ್ರೀತಿಗಿಷ್ಟು ಬೆಂಕಿ ಹಾಕ! ಹೋಗಿ, ಅವಳಿಗೆ ಹೇಳಿ, ಒಂದು ರಾಕೆಟ್ ಇಸ್ಕೊಂಡು ಬಂದು ಸರಿಯಾಗಿ ಬಿಗೀರಿ."

ಇನ್ನೇನು ಹೊರಟಿದ್ದರು. ಅಷ್ಟರಲ್ಲಿ ಟೂರ್ನಿಯ ಕೆಲಸದಾಕೆ ಏದುಸಿರು ಬಿಡುತ್ತಾ ಎದುರಾಳಿ ಹುಡುಗಿಯ ರಾಕೆಟ್ ತಂದಳು. ತಂತಿ ಹರಿದಿತ್ತು.

"ಇಪ್ಪತ್ನಾಲ್ಕು ಅಂತೆ. ಅರ್ಜೆಂಟು ಮಾಸ್ತರ್."

ಪಂದ್ಯದ ನಡುವೆ ಯಾರ ರಾಕೆಟ್ ಮೊದಲು ಬರುತ್ತದೋ ಅದೇ ಮೊದಲು. ಅದು ಈ ಕಸುಬಿನ ಕಟ್ಟಳೆ. ಇರುವುದೋ ಒಂದೇ ಯಂತ್ರ. ಇವರು ಒಮ್ಮೆ ಅಂಕಣದ ಕಡೆ ನೋಡಿದರು, ಒಮ್ಮೆ ನನ್ನ ಕಡೆ. ಆಮೇಲೆ ಯಂತ್ರದ ಮುಂದೆ ನಿಂತರು. ಒಂದು ಎಳೆಯೂ ಹೆಚ್ಚುಕಮ್ಮಿಯಾಗಲಿಲ್ಲ. ನಾನು ಪಕ್ಕದಲ್ಲಿ ನಿಂತು ಬೈದದ್ದೇ ಬೈದದ್ದು. ಕೊನೆಯ ಗಂಟು ಹಾಕುವಾಗ ಆಚೆಯಿಂದ ಚಪ್ಪಾಳೆ ಕೇಳಿಸಿತು. ಪಂದ್ಯ ಮುಗಿದಿತ್ತು.

ಮಗಳು ಡೇರೆಯೊಳಗೆ ಬಂದು ಬ್ಯಾಗು ಕುಕ್ಕಿದಳು. ಅತ್ತು ಅತ್ತು ಮುಖ ಊದಿತ್ತು.

"ನನ್ನ ಕೈಯೇ ಹೋಯ್ತಪ್ಪ. ಸಾಕು, ಆಟ ಬಿಟ್ಬಿಡ್ತೀನಿ."

ಇನ್ನು ಇವರಿಗೆ ತಡೆಯಲಾಗಲಿಲ್ಲ. "ನಿನ್ನ ಕೈಯಲ್ಲಮ್ಮ, ನಂದು" ಎಂದು ಎಲ್ಲವನ್ನೂ ಹೇಳಿಬಿಟ್ಟರು.

ಕೂಗಾಡುತ್ತಾಳೆ ಅಂದುಕೊಂಡೆ. ಅವಳು ಮೇಜಿನ ಮೇಲಿದ್ದ ಎದುರಾಳಿಯ ರಾಕೆಟ್ ಎತ್ತಿಕೊಂಡು ತಂತಿ ಮೀಟಿದಳು.

"ಇದು?"

"ಇಪ್ಪತ್ನಾಲ್ಕು. ಅವಳು ಕೇಳಿದಷ್ಟೇ."

"ಅವಳಿಗೆ ಮಾಸ್ತರ್ ಸಿಕ್ಕಿದ್ರು. ನನಗೂ ಅವರೇ ಬೇಕಿತ್ತಪ್ಪ."

ಆಮೇಲೆ ತನ್ನ ರಾಕೆಟ್‌ಗಳನ್ನು ಒಂದೊಂದಾಗಿ ತೆಗೆದು ಯಂತ್ರದ ಪಕ್ಕ ಇಟ್ಟಳು.

"ಇಪ್ಪತ್ತೈದು, ಮಾಸ್ತರ್" ಎಂದಳು.